ಬೆಳಗಿನ ಐದೂವರೆಯ ಕಾವಲು

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಒಬ್ಬರ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ. ಬೀದಿಯವರು ಕರೆಯುವುದೂ ಹಾಗೇ.

ಅಕ್ಕನಿಗೆ 61 ವರ್ಷ. ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ಮಗ, ಸೊಸೆ ಜೊತೆ ಇದ್ದಾರೆ. ಮೊದಲ ದಿನ ಸೊಸೆಯೇ ಕರೆದುಕೊಂಡು ಬಂದಳು. “ಅತ್ತೆ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಮೇಡಂ. ನಿದ್ದೇನೂ ಇಲ್ಲ” ಎಂದಳು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು.

ಅವರು ಮಾಡಿದ ಕೆಲಸ ಸಣ್ಣದಲ್ಲ. 2014ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಂಡೂರು ಹಳ್ಳಿಯ ಜನ ಬೆಂಗಳೂರಿನ ಕಸ ನಮಗೆ ಬೇಡ ಎಂದು ಬೀದಿಗಿಳಿದದ್ದನ್ನು ಟಿವಿಯಲ್ಲಿ ನೋಡಿ ಹೊಟ್ಟೆ ತೊಳಸಿದಂತಾಯಿತಂತೆ. ಮರುವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಅಕ್ಕ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು ಮನೆ ಮನೆಗೆ ಹೋದರು. ಹಸಿರು ಡಬ್ಬಕ್ಕೆ ಹಸಿ ಕಸ, ಚೀಲಕ್ಕೆ ಒಣ ಕಸ. ಪ್ಯಾಡು, ಡೈಪರುಗಳನ್ನು ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಕೆಂಪು ಡಬ್ಬಕ್ಕೆ. ಇದನ್ನು ಎಷ್ಟು ಸಾವಿರ ಸಲ ಹೇಳಿದ್ದಾರೋ! ಟ್ರಾನ್ಸ್‌ಫಾರ್ಮರ್ ಪಕ್ಕದ ಮೂಲೆಯಲ್ಲಿ ಬಿದ್ದಿರುತ್ತಿದ್ದ ಕಸದ ರಾಶಿ ತೆಗೆಸಿದರು. ಜಾಗ ತೊಳೆದು ರಂಗೋಲಿ ಹಾಕಿದರು. ಮೂರು ತುಳಸಿ ಕುಂಡ ಇಟ್ಟರು.

ಎರಡು ವರ್ಷದಿಂದೀಚೆಗೆ ಮಾತ್ರ ಬೇರೆಯದೇ ಶುರುವಾಗಿತ್ತು. ಬೆಳಗಿನ ಐದೂವರೆಗೆ ಲೈಟ್ ಹಾಕದೆ ಬಾಲ್ಕನಿಯಲ್ಲಿ ನಿಂತು ಆ ಮೂಲೆ ಕಾಯುತ್ತಿದ್ದರು. ಸ್ಕೂಟರಿನಲ್ಲಿ ಬಂದು ಕವರ್ ಎಸೆಯುವವರ ನಂಬರನ್ನು ಡೈರಿಯಲ್ಲಿ ಬರೆದಿಡುತ್ತಿದ್ದರು. ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿ ಬಯ್ಯುತ್ತಿದ್ದರು. ಜೊತೆಗಿದ್ದ ಹೆಂಗಸರು ಒಬ್ಬೊಬ್ಬರಾಗಿ ದೂರವಾದರು. ಕೊನೆಗೊಂದು ದಿನ, ಯಾರೋ ಎಸೆದ ಕವರನ್ನು ಹೊತ್ತುಕೊಂಡು ಹೋಗಿ ಅವನ ಗೇಟಿನೊಳಗೇ ಸುರಿದರು.

ಅವನು ಜಗಳಕ್ಕೆ ನಿಲ್ಲಲಿಲ್ಲ. ತಲೆ ತಗ್ಗಿಸಿ ಒಂದೊಂದನ್ನೇ ಎತ್ತತೊಡಗಿದ. ಎಲ್ಲಾ ದೊಡ್ಡವರ ಡೈಪರ್. ತಾಯಿ ಹಾಸಿಗೆ ಹಿಡಿದಿದ್ದಾರೆ. ಅವನು ಆರಕ್ಕೆ ಡ್ಯೂಟಿಗೆ ಹೊರಡಬೇಕು, ಕಸದ ಆಟೋ ಬರುವುದು ಏಳೂವರೆಗೆ.

“ನಮ್ಮ ಯಜಮಾನ್ರಿಗೂ ಕೊನೇಲಿ ನಾನೇ ಬದಲಾಯಿಸ್ತಿದ್ದೆ ಮೇಡಂ” ಎಂದು ಅಕ್ಕ ಬಿಕ್ಕಿದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸುಸ್ತು ಜಾಸ್ತಿ ಆಗಿದೆ ಎಂದುಕೊಂಡು, ಒಂದು ತಿಂಗಳು ಎಲ್ಲಾ ಬಿಟ್ಟು ಆರಾಮಾಗಿರಿ ಎಂದೆ. ವಾರದ ನಂತರ ಬಂದಾಗ ಇನ್ನೂ ಸೊರಗಿದ್ದರು. ಮೊದಲ ದಿನವೇ ಕೇಳಬೇಕಿದ್ದ ಮಾತನ್ನು ಆಗ ಕೇಳಿದೆ. “ಮೂಲೆ ಕಾಯೋಕೆ ಮುಂಚೆ, ಆ ಹೊತ್ತಲ್ಲಿ ಏನು ಮಾಡ್ತಿದ್ರಿ ಅಕ್ಕ?”

ತುಂಬಾ ಹೊತ್ತು ಮಾತಿಲ್ಲ. ಆಮೇಲೆ, “ಅವರಿಗೆ ಕಾಫಿ ಬೆರೆಸ್ತಿದ್ದೆ.”

ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಕಾವಲು ಶುರುವಾದದ್ದೂ ಆಗಲೇ. ಆ ಹೊತ್ತಿನ ಖಾಲಿತನ ತಡೆಯಲಾಗದೆ ಅವರು ಬಾಲ್ಕನಿಗೆ ಹೋಗುತ್ತಿದ್ದರು. ನಾನು ಅದನ್ನೂ ಕಿತ್ತುಕೊಂಡಿದ್ದೆ.

ಸೊಸೆಯನ್ನೂ ಕೂರಿಸಿಕೊಂಡು ಹೀಗೆ ಹೇಳಿದೆ. ಬೀದಿಯ ಕೆಲಸ ಬಿಡಬೇಡಿ. ಆದರೆ ಎಂಟು ಗಂಟೆಗೆ ಮುಂಚೆ ಬಾಲ್ಕನಿ ಬೇಡ. ಐದೂವರೆಗೆ ಎದ್ದರೆ ಕಾಫಿ ಬೆರೆಸಿ, ಇಬ್ಬರೂ ಹತ್ತು ನಿಮಿಷ ಕೂತು ಕುಡಿಯಿರಿ. ಯಜಮಾನರ ಮಾತು ಬಂದರೆ ಬರಲಿ. ಅಳು ಬಂದರೂ ಬರಲಿ. ಸೊಸೆ ತಟ್ಟನೆ ಅಂದಳು: “ನನಗೂ ಮಾವ ನೆನಪಾಗ್ತಾರೆ. ಹೇಳಿದ್ರೆ ಅತ್ತೆಗೆ ನೋವಾಗುತ್ತೆ ಅಂತ ಸುಮ್ನಿದ್ದೆ.” ಅಕ್ಕ ಅವಳ ಕೈ ಹಿಡಿದುಕೊಂಡರು.

ಆ ಹುಡುಗನ ಮನೆಗೆ ಹೋಗಿ ಒಂದು ಸಲ ತಪ್ಪಾಯ್ತು ಅನ್ನಿ, ಯಾಕೆ ಹಾಗೆ ಮಾಡಿದೆ ಅಂತ ವಿವರಿಸಲು ಹೋಗಬೇಡಿ ಎಂದೆ. ಡೈರಿಯಲ್ಲಿರುವ ಮಿಕ್ಕವರನ್ನೂ ಹುಡುಕಿ, ಬಯ್ಯದೆ, ಆಟೋ ಹೊತ್ತಿಗೆ ಮನೆಯಲ್ಲಿ ಯಾರಿರ್ತಾರೆ ಎಂದು ಕೇಳಿ ಎಂದೆ. ಜೊತೆಗಿದ್ದ ಹೆಂಗಸರನ್ನು ಮತ್ತೆ ಕರೆದು ಪಾಳಿ ಹಾಕಿಕೊಳ್ಳಿ, ಬೇರೆಯವರ ಪಾಳಿಯ ದಿನ ಆ ಮೂಲೆ ನಿಮ್ಮದಲ್ಲ. ರಾತ್ರಿ ಎಂಟರ ಮೇಲೆ ಗ್ರೂಪ್ ನೋಡಬೇಡಿ. ಎರಡು ವಾರವಾದರೂ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಅಪರಾತ್ರಿಯಲ್ಲಿ ಸಂಕಟವಾದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಡೈರಿಯಲ್ಲಿದ್ದ ಹೆಚ್ಚಿನವರು ಆಟೋ ಬರುವ ಮೊದಲೇ ಕೆಲಸಕ್ಕೆ ಹೊರಡುವವರು. ಈಗ ಅವರ ಕಸವನ್ನು ಅಕ್ಕಪಕ್ಕದ ಮನೆಯವರು ಇಟ್ಟುಕೊಂಡು ಆಟೋಗೆ ಕೊಡುತ್ತಾರೆ. ಆ ಹುಡುಗನ ಮನೆಯದನ್ನೂ ಅಷ್ಟೇ. ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ.

ಎರಡು ತಿಂಗಳ ಮೇಲೆ ಅಕ್ಕ ಒಬ್ಬರೇ ಬಂದಿದ್ದರು. ಹಿಂದಿನ ಸೋಮವಾರ ಆ ಮೂಲೆಗೆ ಯಾರೋ ಮತ್ತೆ ಕವರ್ ಎಸೆದಿದ್ದರಂತೆ.

“ಆಮೇಲೆ?” ಎಂದೆ.

“ಅವತ್ತು ಎದುರು ಮನೆ ಹುಡುಗಿ ಪಾಳಿ. ಅವಳೇ ತೆಗೆಸಿದ್ಲು. ನನಗೆ ಗೊತ್ತಾಗಿದ್ದೇ ಸಂಜೆ.”