ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವರ್ಗಾವಣೆ ಪ್ರವೇಶ: ಉತ್ತರ ತಡವಾಗಿದ್ದರೆ

ಬೇರೆ ಕಾಲೇಜಿನಿಂದ ಈ ವಿಶ್ವವಿದ್ಯಾಲಯಕ್ಕೆ ವರ್ಗವಾಗಲು ಹಾಕಿದ ಅರ್ಜಿಗೆ ಏಪ್ರಿಲ್ ಮೂರನೇ ವಾರವಾದರೂ ನಿಮಗೆ ಉತ್ತರವಿಲ್ಲ, ಗೆಳತಿಗೆ ಅದರ ಡೇವಿಸ್ ಕ್ಯಾಂಪಸ್ಸಿನಿಂದ ಬಂದಿದೆ ಎಂದರೆ ಅದು ತಿರಸ್ಕಾರದ ಸೂಚನೆಯಲ್ಲ. ಒಂದೊಂದು ಕ್ಯಾಂಪಸ್ಸೂ ತನಗೆ ಬೇಕಾದ ದಿನ ಫಲಿತಾಂಶ ಬಿಡುತ್ತದೆ. ಕೆಲವು ತಿಂಗಳ ಕೊನೆಯವರೆಗೂ ಎಳೆಯುತ್ತವೆ. ಇನ್ನೊಂದು ಸಾಧ್ಯತೆಯೂ ಇದೆ: ಜನವರಿಯಲ್ಲಿ ತುಂಬಬೇಕಿದ್ದ ಟ್ರಾನ್ಸ್‌ಫರ್ ಅಕಾಡೆಮಿಕ್ ಅಪ್‌ಡೇಟ್ (ಹೊಸ ಅಂಕಗಳನ್ನೂ ಕೋರ್ಸುಗಳನ್ನೂ ತಿಳಿಸುವ ನಮೂನೆ) ಬಾಕಿ ಉಳಿದಿರಬಹುದು.

ಮೊದಲು ಅರ್ಜಿಯ ಖಾತೆ ತೆರೆದು ಆ ಅಪ್‌ಡೇಟ್ ಸಲ್ಲಿಕೆಯಾಗಿದೆಯೇ ನೋಡಿ. ನಾನು ಹೊಸ ಅಂಕಗಳನ್ನೆಲ್ಲ ತುಂಬಿ, ಕೊನೆಯ ಪುಟದ ಸಲ್ಲಿಸುವ ಗುಂಡಿ ಒತ್ತುವುದನ್ನೇ ಮರೆತಿದ್ದೆ! ಆಮೇಲೆ ಪ್ರತಿ ಕ್ಯಾಂಪಸ್ಸಿನ ಪೋರ್ಟಲ್ಲಿಗೂ ಬೇರೆಬೇರೆಯಾಗಿ ಹೋಗಿ, ಬಾಕಿ ದಾಖಲೆಗಳ ಪಟ್ಟಿ ಓದಿ. ಇಮೇಲ್ ನಂಬಿ ಕೂರಬೇಡಿ, ಸ್ಪ್ಯಾಮ್‌ನಲ್ಲಿ ಬಿದ್ದಿರಬಹುದು. ಏನಾದರೂ ಬಾಕಿಯಿದ್ದರೆ ಅರ್ಜಿ ಸಂಖ್ಯೆ ಸಹಿತ ಆ ಕ್ಯಾಂಪಸ್ಸಿನ ಪ್ರವೇಶ ವಿಭಾಗಕ್ಕೆ ಇಂದೇ ಬರೆಯಿರಿ. ತಡವಾದದ್ದನ್ನು ಒಪ್ಪುತ್ತಾರೆಂಬ ಖಾತರಿಯಿಲ್ಲ, ನನ್ನದನ್ನು ಒಪ್ಪಿದರು.

ಈ ಸೆಮಿಸ್ಟರಿನ ಯಾವ ಕೋರ್ಸನ್ನೂ ಅವರಿಗೆ ತಿಳಿಸದೆ ಬಿಡಬೇಡಿ. ಪ್ರವೇಶ ಸಿಕ್ಕರೂ ಅದು ಈ ಅಂಕಗಳ ಮೇಲೆಯೇ ನಿಂತಿರುತ್ತದೆ. ಒಪ್ಪಿಗೆ ತಿಳಿಸಲು ಜೂನ್ 1ರವರೆಗೆ ಸಮಯವಿದೆ. ಮೇ ಮೊದಲ ವಾರದಲ್ಲೂ ಪೋರ್ಟಲ್ ಬದಲಾಗದಿದ್ದರೆ ಫೋನ್ ಮಾಡಿ.