ಪಕ್ಷ ಕೊಡುವ ಶಿಕ್ಷೆ ಎಷ್ಟು ದಿನ?

ಪ್ರಶ್ನೆ: ಅಮೆರಿಕದಲ್ಲಿ ವರ್ಣಭೇದದ ಮಾತಾಡಿದ ನಾಯಕನನ್ನು ಪಕ್ಷವೇ ಶಿಕ್ಷಿಸುತ್ತದೆ ಎಂದು ನಮ್ಮ ಕಾಲೇಜಿನ ಚರ್ಚೆಯಲ್ಲಿ ಹೇಳಿದರು. ನಿಜವೇ?
– ವಿದ್ಯಾರ್ಥಿನಿ, ಗದಗ

ಉತ್ತರ: ಕೆಲವೊಮ್ಮೆ ನಿಜ, ಅದೂ ಬಿಸಿ ತಟ್ಟಿದ ಮೇಲೆ. 1948ರಲ್ಲಿ ಕಪ್ಪು ಜನರನ್ನು ಪ್ರತ್ಯೇಕವಾಗಿಡುವ ನೀತಿಯನ್ನೇ ಮುಂದಿಟ್ಟು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸ್ಟ್ರಾಮ್ ಥರ್ಮಂಡ್ ಅವರ 100ನೇ ಹುಟ್ಟುಹಬ್ಬದ ಸಮಾರಂಭದಲ್ಲಿ, 2002ರ ಡಿಸೆಂಬರ್‌ನಲ್ಲಿ, ಸೆನೆಟ್‌ನಲ್ಲಿ, ಅಂದರೆ ಸಂಸತ್ತಿನ ಮೇಲ್ಮನೆಯಲ್ಲಿ, ರಿಪಬ್ಲಿಕನ್ ಪಕ್ಷದ ನಾಯಕರಾಗಿದ್ದ ಟ್ರೆಂಟ್ ಲಾಟ್ ಅವರು, ದೇಶ ಅಂದು ಥರ್ಮಂಡ್ ಅವರನ್ನು ಗೆಲ್ಲಿಸಿದ್ದರೆ ಇಷ್ಟೆಲ್ಲ ತೊಂದರೆ ಬರುತ್ತಿರಲಿಲ್ಲ ಎಂಬರ್ಥದಲ್ಲಿ ಮಾತಾಡಿದರು. ಅದೇ ಪಕ್ಷದವರಾದ ದೇಶದ ಅಧ್ಯಕ್ಷ ಬುಷ್ ಅವರೇ ಬಹಿರಂಗವಾಗಿ ಖಂಡಿಸಿದ ಬಳಿಕ ಲಾಟ್ ನಾಯಕತ್ವ ಬಿಟ್ಟರು. ಆದರೆ ಸೆನೆಟ್ ಸದಸ್ಯತ್ವ ಉಳಿಯಿತು. 2006ರಲ್ಲಿ ಅದೇ ಪಕ್ಷದ ಸೆನೆಟರುಗಳು ಅವರನ್ನು ಸಚೇತಕರನ್ನಾಗಿ ಆರಿಸಿದರು. ನನ್ನನ್ನು ಕಾಡುವುದು ಈ ಮರಳುವಿಕೆಯೇ. ಬಿಳಿಯರ ಶ್ರೇಷ್ಠತೆಯನ್ನು ಸಮರ್ಥಿಸುವಂಥ ಮಾತಾಡಿದ ಅಯೋವಾ ರಾಜ್ಯದ ಸಂಸದ ಸ್ಟೀವ್ ಕಿಂಗ್ ಅವರನ್ನು ಇದೇ ಪಕ್ಷ 2019ರಲ್ಲಿ ಸಂಸತ್ತಿನ ಸಮಿತಿಗಳಿಂದ ಹೊರಗಿಟ್ಟಿತು. ಮರುವರ್ಷ, ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ತೀರ್ಮಾನಿಸುವ ಪ್ರಾಥಮಿಕ ಚುನಾವಣೆಯಲ್ಲಿ, ಸ್ವಪಕ್ಷದ ಮತದಾರರೇ ಅವರನ್ನು ಸೋಲಿಸಿದರು. ಟಿಕೆಟ್ಟನ್ನು ವರಿಷ್ಠರು ಹಂಚುವ ನಮ್ಮಲ್ಲಿ ಮತದಾರರಿಗೆ ಆ ಅವಕಾಶವಿಲ್ಲ.