ಮೊದಲ ದಿನವೇ ನಿಮ್ಮನ್ನು ವಿಚಾರಿಸುವ ಯೋಗ ಕ್ಲಾಸ್ ಹುಡುಕಿ

ಪ್ರಶ್ನೆ: ನನಗೆ 47 ವರ್ಷ. ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಬಿಪಿ ಮಾತ್ರೆ ನಡೆಯುತ್ತಿದೆ. ಸಂಜೆ ಆದರೆ ಕತ್ತು, ಬೆನ್ನು ಬಿಗಿಯುತ್ತವೆ ಅಂತ ಪಾರ್ಕಿನ ಉಚಿತ ಯೋಗಕ್ಕೆ ಹೋದೆ. ಐವತ್ತು ಅರವತ್ತು ಜನ ಇದ್ದರು, ಮೈಕಿನಲ್ಲಿ ಹೇಳಿಕೊಡುತ್ತಿದ್ದರು. ಮೂರನೇ ದಿನ ಹಲಾಸನ ಮಾಡಿಸಿದರು. ಕತ್ತು ಹಿಡಿದುಕೊಂಡು ಒಂದು ವಾರ ಮಷಿನ್ ಮುಂದೆ ಕೂರಲು ಆಗಲಿಲ್ಲ. ಯೋಗ ನನ್ನಂಥವರಿಗಲ್ಲವೇ? ಹೊಸಬರಿಗೆ ಹೊಂದುವ ಕ್ಲಾಸ್ ಗುರುತಿಸುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ತಪ್ಪು ನಿಮ್ಮದಲ್ಲ ಅಕ್ಕ, ಮೊದಲು ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಹಲಾಸನದಲ್ಲಿ ಕಾಲು ತಲೆಯ ಹಿಂದೆ ಹೋಗುತ್ತದೆ, ಭಾರವೆಲ್ಲ ಭುಜ ಮತ್ತು ಕತ್ತಿನ ಮೇಲೆ ಬೀಳುತ್ತದೆ. ದಿನಕ್ಕೆ ಏಳೆಂಟು ಗಂಟೆ ತಲೆ ಬಗ್ಗಿಸಿ ಹೊಲಿಯುವವರ ಕತ್ತು ಮೊದಲೇ ಬಿಗಿದಿರುತ್ತದೆ. ಅಂಥವರಿಗೆ, ಅದರಲ್ಲೂ ಬಿಪಿ ಇರುವವರಿಗೆ, ಮೂರನೇ ದಿನ ಅದನ್ನು ಮಾಡಿಸಲೇಬಾರದಿತ್ತು. ಜೂನ್ 21ರ ಯೋಗ ದಿನದಂದು ಎಲ್ಲ ಕಡೆ ಮಾಡಿಸುವ 45 ನಿಮಿಷದ ಕ್ರಮ ನೋಡಿ. ಕತ್ತು, ಸೊಂಟ, ಮಂಡಿ ಸಡಿಲ ಮಾಡುವುದರಿಂದ ಶುರುವಾಗುತ್ತದೆ. ಅದರಲ್ಲಿ ಪೂರ್ತಿ ಹಲಾಸನ ಇಲ್ಲವೇ ಇಲ್ಲ.

ಹಾಗಾಗಿ ಯಾವ ಆಸನ ಕಲಿಸುತ್ತಾರೆ ಅಂತ ನೋಡಬೇಡಿ. ನಿಮ್ಮನ್ನು ಏನು ಕೇಳುತ್ತಾರೆ ಅಂತ ನೋಡಿ. ಬಿಪಿ ಇದೆಯಾ, ಆಪರೇಷನ್ ಆಗಿದೆಯಾ, ಮಂಡಿ ಹೇಗಿದೆ, ಏನು ಕೆಲಸ ಮಾಡುತ್ತೀರಿ? ಮೊದಲ ದಿನ ಇಷ್ಟಾದರೂ ಕೇಳದ ಕ್ಲಾಸಿಗೆ ಎರಡನೇ ದಿನ ಹೋಗಬೇಡಿ, ಫೀಸು ಇಲ್ಲದಿದ್ದರೂ ಅಷ್ಟೇ.

ಸೇರುವ ಮುಂಚೆ ಒಂದು ದಿನ ಸುಮ್ನೆ ಕೂತು ನೋಡುತ್ತೇನೆ ಅನ್ನಿ. ಒಳ್ಳೆಯ ಗುರುಗಳು ಬೇಡ ಅನ್ನುವುದಿಲ್ಲ. ಅವರು ಪೂರ್ತಿ ಹೊತ್ತು ಮುಂದೆ ಕೂತು ತಾವೇ ಆಸನ ಮಾಡುತ್ತಾರಾ, ಅಥವಾ ಎದ್ದು ಸಾಲುಗಳ ನಡುವೆ ಓಡಾಡುತ್ತಾರಾ? ಬಗ್ಗಲು ಆಗದವರಿಗೆ ಕುರ್ಚಿ, ಗೋಡೆ, ಮಡಚಿದ ಜಮಖಾನ ಕೊಡುತ್ತಾರಾ? 'ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ' ಅಂತ ಬೆನ್ನು ಒತ್ತುವವರಿದ್ದರೆ ಎದ್ದು ಬನ್ನಿ. ಕೊನೆಗೆ ಶವಾಸನಕ್ಕೆ ಐದು ನಿಮಿಷವಾದರೂ ಕೊಡುತ್ತಾರಾ ಅಂತಲೂ ಗಮನಿಸಿ. ಇಪ್ಪತ್ತು ಜನರೊಳಗಿನ ಬ್ಯಾಚ್ ಸಿಕ್ಕರೆ ತುಂಬಾ ಒಳ್ಳೆಯದು.

ಕುರ್ಚಿ, ಬೆಲ್ಟ್ ಹಿಡಿದು ಮಾಡುವುದು ನಿಜವಾದ ಯೋಗವಲ್ಲ ಅನ್ನುವವರು ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಕ್ಷಯ, ಮಲೇರಿಯಾ, ಟೈಫಾಯ್ಡ್ ಎಲ್ಲ ಅನುಭವಿಸಿದವರು. ಮುಂದೆ ಹಗ್ಗ, ಬೆಲ್ಟ್, ಮರದ ತುಂಡು ಇಟ್ಟು ಆಸನ ಕಲಿಸುವ ಪದ್ಧತಿಯನ್ನು ಜಗತ್ತಿಗೆಲ್ಲ ಹಬ್ಬಿಸಿದರು. ನಿಮಗೆ ಹೊಂದುವುದು ಈ ತರಹದ ಕ್ಲಾಸೇ. ಮೈಸೂರಿನ ಅಷ್ಟಾಂಗ ವಿನ್ಯಾಸ, ಪವರ್ ಯೋಗ ಅಂತ ಬೋರ್ಡ್ ಇದ್ದರೆ ಸದ್ಯಕ್ಕೆ ಬೇಡ. ಅಲ್ಲಿ ವೇಗ ಜಾಸ್ತಿ.

ಸರ್ಟಿಫಿಕೇಟ್ ಕೇಳಲು ಸಂಕೋಚ ಬೇಡ. ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡ್ ಪರೀಕ್ಷೆ ನಡೆಸಿ ಶಿಕ್ಷಕರಿಗೆ ಪ್ರಮಾಣಪತ್ರ ಕೊಡುತ್ತದೆ. ಆದರೆ ಗೋಡೆಗೆ ತೂಗುಹಾಕಿದ ಕಾಗದವೊಂದನ್ನೇ ನಂಬಬೇಡಿ. ನಮ್ಮ ಸೀಮೆಯಲ್ಲಿ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ, ನಮ್ಮೆಲ್ಲರ 'ತಿರುಕ', ಈ ಕಾಗದಗಳೆಲ್ಲ ಬರುವ ಎಷ್ಟೋ ಮುಂಚೆಯೇ ಊರೂರಿಗೆ ಹೋಗಿ ಯೋಗ ಕಲಿಸಿದವರು. ಆ ಪರಂಪರೆಯಲ್ಲಿ ಕಲಿತ ಹಿರಿಯರು ಹತ್ತಿರದಲ್ಲಿ ಯಾರಾದರೂ ಇದ್ದರೆ ಖಂಡಿತ ಹೋಗಿ ನೋಡಿ. ಅವರಿಗೂ ಅದೇ ಪರೀಕ್ಷೆ: ನಿಮ್ಮನ್ನು ವಿಚಾರಿಸಬೇಕು.

ಕತ್ತು ನೋವು ಇನ್ನೂ ಇದ್ದರೆ, ಕೈಗೆ ಜೋಮು ಇಳಿಯುತ್ತಿದ್ದರೆ, ಮೊದಲು ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಯಾರು ಹೇಳಿದರೂ ಸರಿ. ತಲೆ ಕೆಳಗಾಗುವ ಆಸನ, ಜೋರಾದ ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟ, ಉಸಿರು ಬಿಗಿಹಿಡಿಯುವುದು ನಿಮಗೆ ಬೇಡ. ನೆಟ್ಟಗೆ ನಿಲ್ಲುವ ತಾಡಾಸನ, ಬೆಕ್ಕಿನಂತೆ ಕೈ ಮಂಡಿ ಊರಿ ಬೆನ್ನು ಬಗ್ಗಿಸಿ ಏರಿಸುವ ಮಾರ್ಜಾಲಾಸನ, ಎದೆಯನ್ನು ಸ್ವಲ್ಪವೇ ಎತ್ತುವ ಭುಜಂಗಾಸನ ಸಾಕು. ಇವು ಮುಂದಕ್ಕೆ ಬಾಗಿದ ಭುಜವನ್ನು ಹಿಂದಕ್ಕೆ ತರುತ್ತವೆ.

ಬ್ಯಾಚು ಬೆಳಗಿನದೇ ಆಗಲಿ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಸಂಜೆ ಐದಕ್ಕೂ ಶೀಟಿನ ಹಾಲ್ ಕಾದಿರುತ್ತದೆ. ಸಂಜೆಯೇ ಅನಿವಾರ್ಯ ಆದರೆ ಊಟಕ್ಕೂ ಕ್ಲಾಸಿಗೂ ಮೂರು ನಾಲ್ಕು ಗಂಟೆ ಅಂತರ ಇರಲಿ. ನಾಲ್ಕು ಗಂಟೆಯ ಮಂಡಕ್ಕಿ ಮಿರ್ಚಿ ಅವತ್ತು ಬೇಡ, ಅಲ್ವಾ?

ಪ್ರಶ್ನೆ: ವಯಸ್ಸು 22. ಭಾನುವಾರ ಕೋಟೆ ಹತ್ತುತ್ತೇನೆ, ಆರೋಗ್ಯ ಚೆನ್ನಾಗಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಶೀರ್ಷಾಸನ ಕಲಿಯಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಬೇಡ. ನಿಮ್ಮ ಕತ್ತು ವಾರೆಯಾದರೆ ವಿಡಿಯೋಗೆ ಕಾಣುವುದಿಲ್ಲ. ಎರಡು ಮೂರು ತಿಂಗಳು ಗುರುಗಳ ಮುಂದೆ ಭುಜ, ಹೊಟ್ಟೆ ಗಟ್ಟಿ ಮಾಡಿಕೊಂಡ ಮೇಲೆ ಅವರೇ ಹೇಳಲಿ. ಕಲಿತ ಆಸನಗಳನ್ನು ಮನೆಯಲ್ಲಿ ಅಭ್ಯಾಸ ಮಾಡಲು ವಿಡಿಯೋ ಧಾರಾಳವಾಗಿ ಬಳಸಿ. ಕೋಟೆ ಇಳಿದು ಬಂದ ದಿನ ತೊಡೆಯ ಹಿಂಭಾಗ ಬಿಗಿದಿರುತ್ತದೆ. ಅವತ್ತು ಅಂಗಾತ ಮಲಗಿ ಒಂದು ಕಾಲು ಎತ್ತಿ, ಪಾದಕ್ಕೆ ಟವೆಲ್ ಹಾಕಿ ನಿಧಾನವಾಗಿ ನಿಮ್ಮ ಕಡೆಗೆ ಎಳೆದುಕೊಳ್ಳಿ. ಆಮೇಲೆ ಇನ್ನೊಂದು ಕಾಲು.